ಕೂದಲು ಉದುರುತ್ತಿದೆಯಾ? ಮೂರು ತಿಂಗಳ ಹಿಂದಿನ ಊಟ ನೆನಪು ಮಾಡಿಕೊಳ್ಳಿ

ನಾನು ಚನ್ನರಾಯಪಟ್ಟಣದಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತೇನೆ. "ಅಕ್ಕ, ಯಾವ ಎಣ್ಣೆ ಹಚ್ಚಲಿ?" ಅಂತ ಕೇಳಿಕೊಂಡು ಬರುವವರೇ ಜಾಸ್ತಿ. ನಾನು ಅವರನ್ನು ಮೊದಲು ಕೇಳುವುದು ಬೇರೆ. ಮೂರು ತಿಂಗಳ ಹಿಂದೆ ಜ್ವರ ಬಂದಿತ್ತಾ? ಹೆರಿಗೆ ಆಯ್ತಾ? ಸಣ್ಣ ಆಗಬೇಕು ಅಂತ ರಾತ್ರಿ ಊಟ ಬಿಟ್ಟಿದ್ದೆಯಾ?

ಕೂದಲು ಕೆಲವು ವರ್ಷ ಬೆಳೆಯುತ್ತದೆ. ಆಮೇಲೆ ಬೆಳವಣಿಗೆ ನಿಲ್ಲಿಸಿ ಸುಮಾರು ಮೂರು ತಿಂಗಳು ಬುಡದಲ್ಲೇ ಕೂತಿರುತ್ತದೆ. ನಂತರ ಉದುರುತ್ತದೆ. ದಿನಕ್ಕೆ 50ರಿಂದ 100 ಕೂದಲು ಹೀಗೆ ಹೋಗುವುದು ಮಾಮೂಲಿ. ಆದರೆ ಡೆಂಗಿ ಜ್ವರ ಬಂದರೆ, ಆಪರೇಷನ್ ಆದರೆ, ಊಟ ತೀರಾ ಕಮ್ಮಿ ಮಾಡಿದರೆ ಒಂದೇ ಸಲಕ್ಕೆ ತುಂಬಾ ಕೂದಲು ಬೆಳೆಯುವುದನ್ನು ನಿಲ್ಲಿಸಿಬಿಡುತ್ತದೆ. ಅದು ಬಚ್ಚಲಲ್ಲಿ ಕಾಣುವುದು ಎರಡು ಮೂರು ತಿಂಗಳಾದ ಮೇಲೆ. ಅಷ್ಟರಲ್ಲಿ ನಾವು ಕಾರಣವನ್ನೇ ಮರೆತು ಶಾಂಪೂ ಬದಲಾಯಿಸುತ್ತಿರುತ್ತೇವೆ.

ಊಟ ಸರಿಮಾಡಿದರೂ ಲೆಕ್ಕ ಇದೇ. ಹೊಸ ಕೂದಲು ತಿಂಗಳಿಗೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಮೂರರಿಂದ ಆರು ತಿಂಗಳು ತಾಳ್ಮೆ ಬೇಕು. ವಾರದಲ್ಲಿ ನಿಲ್ಲಿಸುತ್ತೇವೆ ಅನ್ನುವವರನ್ನು ನಂಬಬೇಡಿ.

ಊಟಕ್ಕೆ ಕೈ ಹಾಕುವ ಮೊದಲು ಬಾಚಣಿಗೆಯಲ್ಲಿ ಸಿಕ್ಕ ಒಂದು ಕೂದಲು ತೆಗೆದು ಬೆಳಕಿಗೆ ಹಿಡಿಯಿರಿ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಗಂಟು ಕಂಡರೆ ಅದು ಬುಡದಿಂದ ಉದುರಿದ್ದು. ಎರಡೂ ತುದಿಯಲ್ಲಿ ಗಂಟಿಲ್ಲ, ಕೂದಲೂ ಗಿಡ್ಡವಾಗಿದೆ ಅಂದರೆ ಅದು ಮಧ್ಯದಲ್ಲಿ ತುಂಡಾಗಿದೆ. ತುಂಡಾಗುವುದಕ್ಕೆ ಸ್ಟ್ರೇಟ್ನಿಂಗ್, ಒದ್ದೆ ತಲೆ ಬಾಚುವುದು, ಬಿಗಿ ಜುಟ್ಟು ಕಾರಣ ಇರಬಹುದು. ಅದನ್ನು ಊಟ ಒಂದೇ ಸರಿಮಾಡುವುದಿಲ್ಲ. ಬುಡದಿಂದ ಉದುರುತ್ತಿದ್ದರೆ ಮುಂದೆ ಓದಿ.

ಕೂದಲು ಅಂದರೆ ಕೆರಾಟಿನ್, ಅದೊಂದು ಪ್ರೋಟೀನ್. 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ ಸಿಗುತ್ತದೆ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಮ್ಮಿ ಅಷ್ಟೇ, ಒಂದು ಹಿಡಿ ಕಡ್ಲೆಬೀಜದಲ್ಲಿ 7. ಐವತ್ತು ಗ್ರಾಂ ಒಣ ಹುರುಳಿಕಾಳಿನಲ್ಲಿ 11 ಗ್ರಾಂ ಇದೆ. ಮುದ್ದೆ, ಅನ್ನದಿಂದಲೂ ಒಂದಷ್ಟು ಬರುತ್ತದೆ. ಹಾಗಾಗಿ ಪೌಡರ್ ಡಬ್ಬ ಕೊಳ್ಳಬೇಕಾಗಿಲ್ಲ. ನಮ್ಮ ಕಡೆಯ ಬಸ್ಸಾರು ಸಾಕು, ಆದರೆ ತಿನ್ನುವ ರೀತಿ ಸರಿ ಇರಬೇಕು.

ಬಸ್ಸಾರು ಮಾಡುವುದು ನಿಮಗೆ ಗೊತ್ತು. ಅಲಸಂದೆ, ಹೆಸರು ಅಥವಾ ಹುರುಳಿ ಬೇಯಿಸಿ, ಮುಕ್ಕಾಲು ಬೆಂದಾಗ ದಂಟು, ನುಗ್ಗೆ ಅಥವಾ ಹೊಲದ ಬೆರಕೆ ಸೊಪ್ಪು ಹಾಕಿ, ಬೆಂದ ಮೇಲೆ ಬಸಿಯುತ್ತೇವೆ. ಬಸಿದ ನೀರು, ಅಂದರೆ ಕಟ್ಟು, ಸಾರಿಗೆ ಹೋಗುತ್ತದೆ. ಕಾಳು, ಸೊಪ್ಪು ಒಗ್ಗರಣೆ ಬಿದ್ದು ಪಲ್ಯ ಆಗುತ್ತದೆ. ರುಚಿಯೆಲ್ಲಾ ಸಾರಿನಲ್ಲಿದೆ, ಆದರೆ ಪ್ರೋಟೀನ್ ಬಹುಪಾಲು ಉಳಿದಿರುವುದು ಆ ಪಲ್ಯದಲ್ಲಿ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ಹೆಂಗಸಿಗೆ ಏನು ಉಳಿದಿರುತ್ತದೆ? ಮುದ್ದೆ, ಸಾರು, ಪಾತ್ರೆಯ ತಳದಲ್ಲಿ ಒಂದು ಚಮಚ ಪಲ್ಯ. ನನ್ನ ಹತ್ತಿರ ಬರುವ ಎಷ್ಟೋ ಹೆಂಗಸರ ಕಥೆ ಇದೇ. ಮನೆಯವರಿಗೆಲ್ಲ ಒಳ್ಳೆಯ ಅಡುಗೆ ಮಾಡಿ ಹಾಕುತ್ತಾರೆ, ಅವರ ಜಡೆ ಮಾತ್ರ ಇಲಿಬಾಲದಷ್ಟು ತೆಳ್ಳಗಾಗಿರುತ್ತದೆ. ಬಡಿಸುವ ಮೊದಲೇ ನಿಮ್ಮ ಪಾಲಿನ ಒಂದು ಬಟ್ಟಲು ಪಲ್ಯ ತೆಗೆದಿಡಿ. ಇದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ. ಈ ಬರಹದಲ್ಲಿ ಒಂದೇ ಒಂದು ಮಾತು ಪಾಲಿಸುವುದಾದರೆ ಇದನ್ನು ಪಾಲಿಸಿ.

ಎರಡನೆಯದು ಕಬ್ಬಿಣದ ಅಂಶ. ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು, ಗಂಡಸರಿಗೆ 19 ಸಾಕು. ತಿಂಗಳು ತಿಂಗಳು ಮುಟ್ಟಿನಲ್ಲಿ ಹೋಗುತ್ತದಲ್ವಾ, ಅದಕ್ಕೇ ಈ ವ್ಯತ್ಯಾಸ. ಸೊಪ್ಪು, ಕಾಳು, ರಾಗಿಯಲ್ಲಿ ಕಬ್ಬಿಣ ಇದ್ದರೂ ಮೈ ಅದನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ಅದಕ್ಕೆ ವಿಟಮಿನ್ ಸಿ ಜೊತೆ ಬೇಕು. ಪಲ್ಯ ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಕುದಿಯುವಾಗ ಹಿಂಡಿದರೆ ವಿಟಮಿನ್ ಸಿ ಹಾಳಾಗುತ್ತದೆ. ನೆಲ್ಲಿಕಾಯಿ, ಸೀಬೆಹಣ್ಣು ಇನ್ನೂ ಒಳ್ಳೆಯದು. ಸೊಪ್ಪನ್ನು ಕಬ್ಬಿಣದ ಬಾಣಲೆಯಲ್ಲೇ ಹುರಿಯಿರಿ.

ಊಟ ಆದ ತಕ್ಷಣ ಟೀ ಕುಡಿಯುವುದನ್ನು ಬಿಡಲೇಬೇಕು. ಟೀ, ಕಾಫಿ ಎರಡೂ ಕಬ್ಬಿಣವನ್ನು ತಡೆಯುತ್ತವೆ, ಟೀ ಇನ್ನೂ ಜಾಸ್ತಿ. ಟೀ ಬಿಡಿ ಅಂದರೆ ಯಾರೂ ಬಿಡಲ್ಲ, ನನಗೆ ಗೊತ್ತು. ಊಟಕ್ಕೂ ಟೀಗೂ ಒಂದು ಗಂಟೆ ಅಂತರ ಕೊಡಿ ಸಾಕು.

ಹಾಸ್ಟೆಲ್ ಮಕ್ಕಳಿಗೆ ಬಸ್ಸಾರು ಎಲ್ಲಿಂದ ಬರಬೇಕು? ಅವರಿಗೆ ನಾನು ಹೇಳುವುದು ಮೊಳಕೆ ಕಾಳು. ಹೆಸರುಕಾಳು ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಚೆನ್ನಾಗಿ ಸೋಸಿ ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಕಿಟಕಿ ಸರಳಿಗೆ ನೇತುಹಾಕಿ. ಬಟ್ಟೆ ಒಣಗಿದರೆ ನೀರು ಚಿಮುಕಿಸಿ. ಮಾರನೇ ದಿನ ಮೊಳಕೆ ಬಂದಿರುತ್ತದೆ. ಲೋಳೆ ಬಂದರೆ, ವಾಸನೆ ಬಂದರೆ ಎಸೆಯಿರಿ. ಎಲೆಕ್ಟ್ರಿಕ್ ಕೆಟಲ್ ಇದ್ದರೆ ಕುದಿಯುವ ನೀರಲ್ಲಿ ಸ್ವಲ್ಪ ಹೊತ್ತು ಬೇಯಿಸಿಯೇ ತಿನ್ನಿ. ಮೇಲೆ ಉಪ್ಪು, ನಿಂಬೆ. ಊರಿನಿಂದ ಬರುವಾಗ ಹುಚ್ಚೆಳ್ಳು ಅಥವಾ ಅಗಸೆ ಚಟ್ನಿಪುಡಿ ಒಂದು ಡಬ್ಬ ತನ್ನಿ. ಹಾಸ್ಟೆಲ್ ಅನ್ನದ ಮೇಲೆ ಎರಡು ಚಮಚ ಹಾಕಿಕೊಂಡರೆ ಒಳ್ಳೆಯ ಎಣ್ಣೆಯ ಅಂಶವೂ ಸಿಗುತ್ತದೆ. ಬೆಳಗಿನ ತಿಂಡಿ ಮಾತ್ರ ಬಿಡಬೇಡಿ, ಪರೀಕ್ಷೆ ಇದ್ದರೂ.

ಮಾಂಸ, ಮೊಟ್ಟೆ ತಿನ್ನದವರು ವಿಟಮಿನ್ ಬಿ12 ಕಡೆ ಗಮನ ಕೊಡಿ. ಸೊಪ್ಪು, ಕಾಳಿನಲ್ಲಿ ಅದು ಸಿಗುವುದಿಲ್ಲ. ಹಾಲು, ಮೊಸರು ದಿನಾ ಇರಲಿ. ಮೊಟ್ಟೆ ತಿನ್ನುವವರು ಬೇಯಿಸಿ ತಿನ್ನಿ. ಹಸಿ ಬಿಳಿಭಾಗದಲ್ಲಿರುವ ಒಂದು ಪ್ರೋಟೀನ್, ಕೂದಲಿಗೆ ಬೇಕಾದ ಬಯೋಟಿನ್ ಅನ್ನುವ ವಿಟಮಿನ್ ಅನ್ನು ಹಿಡಿದಿಟ್ಟು ಮೈಗೆ ಸಿಗದಂತೆ ಮಾಡುತ್ತದೆ.

ಬಾಣಂತಿಯರ ಬಗ್ಗೆ ನನಗೆ ಬಹಳ ಕಾಳಜಿ ಇದೆ. ಹೆರಿಗೆಯಾದ ಮೂರ್ನಾಲ್ಕು ತಿಂಗಳಿಗೆ ಕೂದಲು ಕೈತುಂಬಾ ಬರುತ್ತದೆ, ಅವರು ಅಳುತ್ತಾ ಬರುತ್ತಾರೆ. ಬಸುರಿಯಾಗಿದ್ದಾಗ ಉದುರದೆ ಉಳಿದಿದ್ದ ಕೂದಲೇ ಈಗ ಹೋಗುತ್ತಿರುವುದು. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವರಿಗೆ ಮತ್ತೆ ಬರುತ್ತದೆ. ಆದರೆ ಪಥ್ಯದ ಹೆಸರಲ್ಲಿ ಬರೀ ಅನ್ನ, ತುಪ್ಪ, ಮೆಣಸಿನ ಸಾರು ಕೊಟ್ಟು ಕಾಳು, ಸೊಪ್ಪು ನಿಲ್ಲಿಸುವುದು ಸರಿಯಲ್ಲ. ಹಾಲು ಕುಡಿಸುವ ತಾಯಿಗೆ ಪ್ರೋಟೀನ್ ಇನ್ನೂ ಜಾಸ್ತಿ ಬೇಕು. ಅತ್ತೆಯಂದಿರೇ, ಅಮ್ಮಂದಿರೇ, ನುಗ್ಗೆಸೊಪ್ಪಿನ ಪಲ್ಯ, ಮೆತ್ತಗೆ ಬೇಯಿಸಿದ ಹೆಸರುಬೇಳೆ ಕೊಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಹೆರಿಗೆಯಾದ ಮೇಲೂ 180 ದಿನ ನುಂಗಬೇಕು.

ಉಳಿದ ಮಾತ್ರೆಗಳನ್ನು ಸುಮ್ನೆ ನುಂಗಬೇಡಿ. ವಿಟಮಿನ್ ಎ, ಸೆಲೀನಿಯಂ ಅತಿಯಾದರೆ ಅದರಿಂದಲೇ ಕೂದಲು ಉದುರುತ್ತದೆ. ಬಯೋಟಿನ್ ಕೊರತೆ ಇರುವವರು ತೀರಾ ಅಪರೂಪ.

ಊಟದ ಕೈಲಿ ಆಗದ್ದೂ ಇದೆ. ವಂಶದಲ್ಲಿ ಬಂದ ಬೋಳು ಊಟದಿಂದ ನಿಲ್ಲುವುದಿಲ್ಲ. ನಾಣ್ಯದಷ್ಟು ಅಗಲಕ್ಕೆ ಒಂದೇ ಕಡೆ ಕೂದಲು ಹೋಗಿದ್ದರೆ, ತಲೆ ಕೆರೆದು ಹಕ್ಕಳೆ ಏಳುತ್ತಿದ್ದರೆ, ಮುಟ್ಟು ಏರುಪೇರಾಗಿದ್ದರೆ, ಆರು ತಿಂಗಳು ಚೆನ್ನಾಗಿ ತಿಂದರೂ ನಿಲ್ಲದಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಹಿಮೋಗ್ಲೋಬಿನ್ ಸರಿ ಇದ್ದರೂ ಮೈಯಲ್ಲಿ ಕಬ್ಬಿಣದ ಸಂಗ್ರಹ ಕಮ್ಮಿ ಇರಬಹುದು. ಅದು ಗೊತ್ತಾಗುವುದು ಫೆರಿಟಿನ್ ಪರೀಕ್ಷೆಯಲ್ಲಿ. ಥೈರಾಯ್ಡ್, ಬಿ12 ಕೂಡ ನೋಡಿಸಬೇಕಾ ಅಂತ ಕೇಳಿ. ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲೇ ಡಾಕ್ಟರಿಗೂ ಲ್ಯಾಬಿನವರಿಗೂ ಹೇಳಿಬಿಡಿ. ಅದರಿಂದ ಥೈರಾಯ್ಡ್ ರಿಪೋರ್ಟ್ ತಪ್ಪು ಬರುವ ಸಾಧ್ಯತೆ ಇದೆ.