ಮಾಯಾ ಶಿಲಾಶಾಸನದ ದಿನಾಂಕವನ್ನು ಓದುವ ಕ್ರಮ

ಮಧ್ಯ ಅಮೆರಿಕದ ಮಾಯಾ ಶಾಸನಗಳಲ್ಲಿ ಭಾಷೆಯನ್ನು ಕಲಿಯದವರೂ ಸ್ವಂತವಾಗಿ ಓದಿ, ಓದಿದ್ದು ಸರಿಯೇ ಎಂದು ಸ್ವಂತವಾಗಿಯೇ ಪರೀಕ್ಷಿಸಿಕೊಳ್ಳಬಹುದಾದ ಭಾಗವೊಂದಿದೆ. ಅದು ದಿನಾಂಕ. ಕೂಡುವುದು, ಗುಣಿಸುವುದು, ಭಾಗಿಸಿ ಶೇಷವನ್ನು ಕಾಣುವುದು ಬಂದರೆ ಸಾಕು. ನಮ್ಮ ಶಾಸನಗಳಲ್ಲಿ ಶಕವರ್ಷದ ಜೊತೆಗೆ ಸಂವತ್ಸರ, ಮಾಸ, ತಿಥಿ, ವಾರಗಳನ್ನೂ ಹೇಳುವುದರಿಂದ ಒಂದು ಇನ್ನೊಂದಕ್ಕೆ ಹೊಂದುತ್ತದೆಯೇ ಎಂದು ಹೇಗೆ ನೋಡುತ್ತೇವೆಯೋ, ಮಾಯಾ ಲಿಪಿಕಾರರೂ ಒಂದೇ ದಿನವನ್ನು ಬೇರೆ ಬೇರೆ ಎಣಿಕೆಗಳಲ್ಲಿ ಬರೆದಿಟ್ಟರು. ಆದ್ದರಿಂದ ಎರಡನೆಯ ಎಣಿಕೆ ಒಪ್ಪುವವರೆಗೆ ಮೊದಲನೆಯದನ್ನು ನಂಬಬಾರದು. ಈ ಬರಹದಲ್ಲಿ ಹೇಳುವುದೆಲ್ಲ ಈ ಒಂದು ನಿಯಮದ ವಿಸ್ತರಣೆ.

ಮೊದಲು ಒಳ್ಳೆಯ ಚಿತ್ರವನ್ನು ಆರಿಸಿಕೊಳ್ಳಬೇಕು. ನಡುಹಗಲಿನ ಬಿಸಿಲಿನಲ್ಲಿ ತೆಗೆದ ಪ್ರವಾಸಿ ಛಾಯಾಚಿತ್ರದಲ್ಲಿ ಕೆತ್ತನೆಯ ಆಳ ಕಾಣುವುದಿಲ್ಲ; ಪಕ್ಕದಿಂದ ಓರೆಯಾಗಿ ಬೆಳಕು ಬಿದ್ದ ಚಿತ್ರ ಬೇಕು, ಅದರ ಜೊತೆಗೆ ತಜ್ಞರು ಬಿಡಿಸಿದ ರೇಖಾಚಿತ್ರವಿದ್ದರೆ ಇನ್ನೂ ಒಳ್ಳೆಯದು. 1839ರಲ್ಲಿ ಪ್ರವಾಸ ಬರಹಗಾರ ಜಾನ್ ಲಾಯ್ಡ್ ಸ್ಟೀಫನ್ಸ್ ಜೊತೆಗೆ ಹೊಂಡುರಾಸಿನ ಕೋಪಾನ್‌ಗೆ ಹೋದ ಚಿತ್ರಕಾರ ಫ್ರೆಡರಿಕ್ ಕ್ಯಾದರ್‌ವುಡ್ ಕಾಡಿನ ಮಬ್ಬುಬೆಳಕಿನಲ್ಲಿ ನಿಂತು ಅಲ್ಲಿನ ಶಾಸನಕಂಬಗಳನ್ನು ಬಿಡಿಸಿದಾಗ ಲಿಪಿಯ ಒಂದಕ್ಷರವೂ ಯಾರಿಗೂ ತಿಳಿದಿರಲಿಲ್ಲ. ಆದರೂ ಕಂಡದ್ದನ್ನು ಕಂಡಂತೆ ಬಿಡಿಸಿದ್ದರಿಂದ ಆ ಚಿತ್ರಗಳಿಗೆ ಇಂದಿಗೂ ಬೆಲೆಯಿದೆ. ಮುಂದೆ ಆಲ್‌ಫ್ರೆಡ್ ಮಾಡ್‌ಸ್ಲೆ ದೊಡ್ಡ ಛಾಯಾಚಿತ್ರಗಳನ್ನೂ ಅಚ್ಚುಗಳನ್ನೂ ತೆಗೆದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಪೀಬಾಡಿ ವಸ್ತುಸಂಗ್ರಹಾಲಯವು ಪ್ರಕಟಿಸುತ್ತ ಬಂದಿರುವ ಮಾಯಾ ಶಾಸನ ಸಂಪುಟಗಳಲ್ಲಿ ಛಾಯಾಚಿತ್ರ ಮತ್ತು ರೇಖಾಚಿತ್ರಗಳು ಅಕ್ಕಪಕ್ಕದಲ್ಲಿರುತ್ತವೆ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಪಠ್ಯ ಸಿಗುವುದು ಕಷ್ಟ.

ಶಾಸನವನ್ನು ಸಾಮಾನ್ಯವಾಗಿ ಎರಡೆರಡು ಕಂಬಸಾಲುಗಳಾಗಿ ಓದಬೇಕು: ಎಡದ ಚೌಕ, ಬಲದ ಚೌಕ, ಆಮೇಲೆ ಕೆಳಗಿನ ಎಡ, ಕೆಳಗಿನ ಬಲ. ಎಲ್ಲಕ್ಕಿಂತ ಮೇಲೆ, ಬಹುತೇಕ ಎರಡು ಸಾಲುಗಳ ಅಗಲಕ್ಕೆ ಒಂದು ದೊಡ್ಡ ಚಿಹ್ನೆ ಕಂಡರೆ ಅದು ದೀರ್ಘ ಗಣನೆಯ, ಅಂದರೆ ಒಂದು ಗೊತ್ತಾದ ಆರಂಭದಿಂದ ಕಳೆದ ದಿನಗಳ ಎಣಿಕೆಯ, ಆರಂಭಸೂಚಕ. ಅದರ ಕೆಳಗಿನ ಐದು ಚೌಕಗಳಲ್ಲಿ ಕ್ರಮವಾಗಿ ಬಕ್ತುನ್, ಕಾತುನ್, ತುನ್, ವಿನಾಲ್, ಕಿನ್ ಎಂಬ ಐದು ಮಾನಗಳಿರುತ್ತವೆ, ಪ್ರತಿಯೊಂದರ ಎಡಕ್ಕೋ ಮೇಲಕ್ಕೋ ಅದರ ಅಂಕಿಯಿರುತ್ತದೆ.

ಅಂಕಿಗಳು ಸುಲಭ. ಒಂದು ಚುಕ್ಕೆಗೆ 1, ಒಂದು ಗೀಟಿಗೆ 5. ಮೂರು ಗೀಟು ನಾಲ್ಕು ಚುಕ್ಕೆ ಸೇರಿದರೆ 19. ಸೊನ್ನೆಗೆ ಪ್ರತ್ಯೇಕ ಚಿಹ್ನೆಯಿದೆ: ಹಸ್ತಪ್ರತಿಗಳಲ್ಲಿ ಚಿಪ್ಪಿನ ಆಕಾರ, ಕಲ್ಲಿನ ಮೇಲೆ ಹೆಚ್ಚಾಗಿ ದಳಗಳಿರುವ ಹೂವಿನಂಥ ಆಕಾರ. ಹೊಸಬರು ಎಡವುವ ಜಾಗ ಇಲ್ಲಿಯೇ ಇದೆ. ಒಂದೋ ಎರಡೋ ಚುಕ್ಕೆ ಮಾತ್ರ ಇರುವಾಗ ಗೀಟಿನ ಉದ್ದಕ್ಕೆ ಜಾಗ ಖಾಲಿ ಉಳಿಯುತ್ತದೆ. ಆ ಖಾಲಿಯನ್ನು ಶಿಲ್ಪಿಗಳು ಸಣ್ಣ ಅರ್ಧಚಂದ್ರ ಅಥವಾ ಗುಣಕ ಚಿಹ್ನೆಯಂಥ ಅಲಂಕಾರದಿಂದ ತುಂಬುತ್ತಿದ್ದರು. ಕಲ್ಲು ಸವೆದಿದ್ದರೆ ಈ ಅಲಂಕಾರವೂ ಚುಕ್ಕೆಯಂತೆಯೇ ಕಾಣುತ್ತದೆ. ಆದ್ದರಿಂದ ಮೂರು ಚುಕ್ಕೆ ಕಂಡಾಗಲೆಲ್ಲ ನಡುವಿನದು ಅಥವಾ ಅಂಚಿನವು ನಿಜವಾದ ಚುಕ್ಕೆಗಳೇ ಎಂದು ಒಮ್ಮೆ ಸಂಶಯಪಟ್ಟು, ಎರಡೂ ಓದುಗಳನ್ನು ಬರೆದಿಟ್ಟುಕೊಳ್ಳಿ; ಯಾವುದು ಸರಿ ಎಂಬುದನ್ನು ಗಣಿತವೇ ಮುಂದೆ ಹೇಳುತ್ತದೆ. ಕೆಲವು ಶಾಸನಗಳಲ್ಲಿ ಗೀಟು ಚುಕ್ಕೆಗಳ ಬದಲು ದೇವತೆಗಳ ಮುಖಗಳೇ ಅಂಕಿಗಳಾಗಿರುತ್ತವೆ. ಬರಿಯ ಎಲುಬಿನ ದವಡೆ ಕಂಡರೆ ಹತ್ತನ್ನು ಕೂಡಿಸಬೇಕು ಎಂಬ ಸುಳಿವನ್ನು ನೆನಪಿಟ್ಟುಕೊಂಡು, ಅಂಥವನ್ನು ಸದ್ಯಕ್ಕೆ ಬಿಟ್ಟುಬಿಡುವುದು ಒಳ್ಳೆಯದು.

ಇನ್ನು ಮಾನಗಳ ಬೆಲೆ. ಕಿನ್ ಎಂದರೆ 1 ದಿನ, ವಿನಾಲ್ 20 ದಿನ, ತುನ್ 360, ಕಾತುನ್ 7,200, ಬಕ್ತುನ್ 1,44,000 ದಿನ. ಎಲ್ಲ ಸ್ಥಾನಗಳೂ ಇಪ್ಪತ್ತರ ಲೆಕ್ಕದಲ್ಲಿ ಏರಿದರೂ ವಿನಾಲ್ ಮಾತ್ರ 18ಕ್ಕೆ ತುಂಬಿ ತುನ್ ಆಗುತ್ತದೆ. ಹಾಗಾಗಿ ವಿನಾಲ್ ಸ್ಥಾನದಲ್ಲಿ 17ಕ್ಕಿಂತ ದೊಡ್ಡ ಅಂಕಿ ಕಂಡರೆ ಓದು ತಪ್ಪಿದೆ ಎಂದೇ ಅರ್ಥ. ಈ ಏರ್ಪಾಡನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಿಡಿಸಿ ತೋರಿಸಿದವರು ಜರ್ಮನಿಯ ಡ್ರೆಸ್ಡೆನ್ ಗ್ರಂಥಾಲಯದ ಅಧಿಕಾರಿ ಅರ್ನ್‌ಸ್ಟ್ ಫೋರ್ಸ್ಟೆಮಾನ್. ಅವರು ಮಾಯಾ ನೆಲಕ್ಕೆ ಕಾಲಿಡದೆ, ತಮ್ಮ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಯನ್ನೇ ಮುಂದಿಟ್ಟುಕೊಂಡು ಇದನ್ನು ಸಾಧಿಸಿದರು.

ಉದಾಹರಣೆಗೆ ಮೆಕ್ಸಿಕೋದ ಪಲೆಂಕೆಯ ಅರಸ ಕಿನಿಚ್ ಜನಾಬ್ ಪಾಕಾಲನ ಮರಣದಿನವನ್ನು ತೆಗೆದುಕೊಳ್ಳೋಣ: 9.12.11.5.18. ಒಂಬತ್ತು ಬಕ್ತುನ್‌ಗೆ 12,96,000, ಹನ್ನೆರಡು ಕಾತುನ್‌ಗೆ 86,400, ಹನ್ನೊಂದು ತುನ್‌ಗೆ 3,960, ಐದು ವಿನಾಲ್‌ಗೆ 100, ಕೊನೆಗೆ 18. ಕೂಡಿದರೆ 13,86,478. ಮಾಯಾ ಗಣನೆಯ ಆರಂಭದಿಂದ ಅಷ್ಟು ದಿನ ಕಳೆದಿವೆ.

ಈಗ ಪರೀಕ್ಷೆ. ಗಣನೆಯ ಆರಂಭದ ದಿನದ ಹೆಸರು 4 ಅಹಾವ್ 8 ಕುಮ್ಕು. ಇದರಲ್ಲಿ ಎರಡು ಪಂಚಾಂಗಗಳಿವೆ. ಮೊದಲನೆಯದು 260 ದಿನಗಳ ತ್ಸೋಲ್ಕಿನ್. ಅದರಲ್ಲಿ 1ರಿಂದ 13ರವರೆಗಿನ ಅಂಕಿಗಳೂ ಇಪ್ಪತ್ತು ಹೆಸರುಗಳೂ ಜೊತೆಯಾಗಿ ಮುಂದೆ ಸರಿಯುತ್ತವೆ. ಹೆಸರುಗಳು ಹೀಗಿವೆ: ಇಮಿಶ್, ಇಕ್, ಅಕ್ಬಾಲ್, ಕಾನ್, ಚಿಕ್‌ಚಾನ್, ಕಿಮಿ, ಮಾನಿಕ್, ಲಾಮತ್, ಮುಲುಕ್, ಓಕ್, ಚುವೆನ್, ಎಬ್, ಬೆನ್, ಇಶ್, ಮೆನ್, ಕಿಬ್, ಕಾಬಾನ್, ಎತ್ಸ್‌ನಾಬ್, ಕವಾಕ್, ಅಹಾವ್. ಎರಡನೆಯದು 365 ದಿನಗಳ ಹಾಬ್. ತಲಾ 20 ದಿನಗಳ ಹದಿನೆಂಟು ತಿಂಗಳು, ಕೊನೆಯಲ್ಲಿ ವಾಯೆಬ್ ಎಂಬ ಐದು ದಿನ. ತಿಂಗಳುಗಳು ಪೋಪ್, ವೋ, ಸಿಪ್, ಸೋತ್ಸ್, ಸೆಕ್, ಶುಲ್, ಯಾಶ್‌ಕಿನ್, ಮೋಲ್, ಚೆನ್, ಯಾಶ್, ಸಾಕ್, ಕೆಹ್, ಮಾಕ್, ಕಾನ್‌ಕಿನ್, ಮುವಾನ್, ಪಾಶ್, ಕಯಾಬ್, ಕುಮ್ಕು. ತಿಂಗಳ ಮೊದಲ ದಿನ 0.

13,86,478ನ್ನು 13ರಿಂದ ಭಾಗಿಸಿದರೆ ಶೇಷ 2. ಆರಂಭದ 4ಕ್ಕೆ ಕೂಡಿದರೆ 6. ಮೊತ್ತ 13ನ್ನು ಮೀರಿದರೆ 13ನ್ನು ಕಳೆಯಬೇಕು, ಇಲ್ಲಿ ಅದರ ಅಗತ್ಯವಿಲ್ಲ. 20ರಿಂದ ಭಾಗಿಸಿದರೆ ಶೇಷ 18. ಅಹಾವ್ ನಂತರ ಹದಿನೆಂಟನೆಯ ಹೆಸರು ಎತ್ಸ್‌ನಾಬ್. 365ರಿಂದ ಭಾಗಿಸಿದರೆ ಶೇಷ 208. 8 ಕುಮ್ಕು ವರ್ಷದಲ್ಲಿ 348ನೆಯ ಸ್ಥಾನವಾದ್ದರಿಂದ ಎರಡನ್ನೂ ಕೂಡಿ 365 ಕಳೆದರೆ 191, ಅಂದರೆ ಒಂಬತ್ತು ತಿಂಗಳು ತುಂಬಿ ಹತ್ತನೆಯದಾದ ಯಾಶ್‌ನಲ್ಲಿ 11. ಹೀಗೆ ಬಂದ 6 ಎತ್ಸ್‌ನಾಬ್ 11 ಯಾಶ್ ಎಂಬುದೇ ಪಾಕಾಲನ ಶಿಲಾಪೆಟ್ಟಿಗೆಯ ಮುಚ್ಚಳದ ಅಂಚಿನಲ್ಲಿ ಕೆತ್ತಿರುವ ದಿನ.

ಇಂಗ್ಲಿಷ್ ತಾರೀಖಿಗೆ ತರಲು ದಿನಸಂಖ್ಯೆಗೆ 5,84,283 ಕೂಡಿಸಬೇಕು. ಅಮೆರಿಕದ ಪತ್ರಿಕಾ ಸಂಪಾದಕ ಜೋಸೆಫ್ ಗುಡ್‌ಮನ್ 1905ರಲ್ಲಿ ಸೂಚಿಸಿ, ಬಳಿಕ ಹುವಾನ್ ಮಾರ್ತಿನೆಸ್ ಮತ್ತು ಎರಿಕ್ ಥಾಂಪ್ಸನ್ ತಿದ್ದಿದ ಹೊಂದಾಣಿಕೆಯಿದು. ಬರುವ 19,70,761 ಖಗೋಳಶಾಸ್ತ್ರಜ್ಞರು ಬಳಸುವ ಜೂಲಿಯನ್ ದಿನಸಂಖ್ಯೆ; ಅದನ್ನು ಯಾವುದೇ ಪರಿವರ್ತಕದಲ್ಲಿ ಹಾಕಿದರೆ ಗ್ರೆಗೋರಿಯನ್ ಲೆಕ್ಕದಲ್ಲಿ ಕ್ರಿ.ಶ. 683ರ ಆಗಸ್ಟ್ 29 ಸಿಗುತ್ತದೆ. ಕೆಲವು ವಿದ್ವಾಂಸರು 5,84,285ನ್ನು ಬಳಸುತ್ತಾರೆ, ಕೆಲವರು ಜೂಲಿಯನ್ ಪಂಚಾಂಗದಲ್ಲಿ ಬರೆಯುತ್ತಾರೆ. ಹಾಗಾಗಿ ಪುಸ್ತಕದಿಂದ ಪುಸ್ತಕಕ್ಕೆ ಎರಡು ಮೂರು ದಿನಗಳ ವ್ಯತ್ಯಾಸ ಕಂಡರೆ ಗಾಬರಿಯಾಗಬೇಕಿಲ್ಲ. ಯಾವ ಲೆಕ್ಕವನ್ನು ಹಿಡಿದಿದ್ದೇವೆ ಎಂಬುದನ್ನು ಪಕ್ಕದಲ್ಲಿ ಬರೆದಿಡುವುದು ಮಾತ್ರ ಕಡ್ಡಾಯ.

ಪಾಕಾಲನ ಶಿಲಾಪೆಟ್ಟಿಗೆಯ ಅಂಚಿನಲ್ಲಿ ಹುಟ್ಟಿದ ದಿನ 8 ಅಹಾವ್ 13 ಪೋಪ್ ಎಂದೂ ತೀರಿಕೊಂಡ ದಿನ 6 ಎತ್ಸ್‌ನಾಬ್ 11 ಯಾಶ್ ಎಂದೂ ಇದೆ. ದೀರ್ಘ ಗಣನೆ ಇಲ್ಲ. ಇಂಥ ಜೋಡಿ 18,980 ದಿನಗಳಿಗೊಮ್ಮೆ, ಅಂದರೆ ಸುಮಾರು 52 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಬರಿಯ ಜೋಡಿಗಳನ್ನೇ ನಂಬಿದರೆ ಅರಸ 28ನೆಯ ವಯಸ್ಸಿನಲ್ಲಿ ಸತ್ತಿರಬಹುದು, 80ರಲ್ಲೂ ಸತ್ತಿರಬಹುದು. 1952ರಲ್ಲಿ ಈ ಗೋರಿಯನ್ನು ತೆರೆದ ಪುರಾತತ್ವಜ್ಞ ಆಲ್ಬೆರ್ತೊ ರೂಸ್, ಎಲುಬುಗಳ ಪರೀಕ್ಷೆಯನ್ನು ಆಧರಿಸಿ, ಅಲ್ಲಿದ್ದವನು ನಡುವಯಸ್ಸಿನವನೆಂದೇ ಕಡೆಯವರೆಗೂ ವಾದಿಸಿದರು. ಶಾಸನ ಓದಿದವರು ಗೋರಿಯ ಮೇಲೆ ಕಟ್ಟಿರುವ ದೇವಾಲಯದ ಫಲಕಗಳಲ್ಲಿರುವ ದೀರ್ಘ ಗಣನೆಯ ಸರಣಿಗೆ ಈ ದಿನಗಳನ್ನು ಜೋಡಿಸಿ, ಹುಟ್ಟು 9.8.9.13.0 ಎಂದೂ ಆಯುಸ್ಸು 29,378 ದಿನ ಎಂದೂ ತೋರಿಸಿದರು. ಮುಂದೆ ನಡೆದ ಎಲುಬುಗಳ ಮರುಪರೀಕ್ಷೆಯೂ ಇಳಿವಯಸ್ಸನ್ನೇ ಬೆಂಬಲಿಸಿತು. ಜೋಡಿದಿನ ಮಾತ್ರ ಸಿಕ್ಕಾಗ ಹತ್ತಿರದ ದೀರ್ಘ ಗಣನೆಯೊಂದನ್ನು ಹುಡುಕಿ ಅದಕ್ಕೆ ಕಟ್ಟಬೇಕು ಎಂಬುದು ಇಲ್ಲಿಂದ ಕಲಿಯಬೇಕಾದ ಹೆಜ್ಜೆ. ಒಂದು ದಿನದಿಂದ ಇನ್ನೊಂದಕ್ಕೆ ಎಷ್ಟು ದಿನ ಎಂದು ಹೇಳುವ, ನಡುವೆ ಬರುವ ಅಂತರಸಂಖ್ಯೆಗಳು ಅದಕ್ಕೆ ನೆರವಾಗುತ್ತವೆ, ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಚಿಕ್ಕ ಮಾನ ಮೊದಲು ಬರುತ್ತದೆ.

ಕಲ್ಲು ಒಡೆದಿದ್ದರೂ ಇದೇ ಗಣಿತ ಕೆಲಸ ಮಾಡುತ್ತದೆ. 1939ರಲ್ಲಿ ಮೆಕ್ಸಿಕೋದ ವೆರಾಕ್ರೂಸ್ ಪ್ರಾಂತ್ಯದ ತ್ರೆಸ್ ಸಪೋತೆಸ್‌ನಲ್ಲಿ ಪುರಾತತ್ವಜ್ಞ ಮ್ಯಾಥ್ಯೂ ಸ್ಟರ್ಲಿಂಗ್ ತಂಡಕ್ಕೆ ಸಿಕ್ಕ ಕಲ್ಲಿನ ಮೇಲ್ಭಾಗ ಇರಲಿಲ್ಲ. ಬಕ್ತುನ್ ಅಂಕಿ ಅದರೊಂದಿಗೇ ಹೋಗಿತ್ತು. ಅದು ಮಾಯಾ ಜನರ ಕಲ್ಲಲ್ಲದಿದ್ದರೂ ಅದೇ ಗಣನೆಯದು. ಉಳಿದದ್ದು 16.6.16.18 ಮತ್ತು 6 ಎತ್ಸ್‌ನಾಬ್. ಒಂದು ಬಕ್ತುನ್ ಹೆಚ್ಚಾದರೆ ತ್ಸೋಲ್ಕಿನ್ ಅಂಕಿ ಒಂದು ಕಡಿಮೆಯಾಗುತ್ತದೆ, ಏಕೆಂದರೆ 1,44,000ನ್ನು 13ರಿಂದ ಭಾಗಿಸಿದರೆ ಶೇಷ 12. ಬಕ್ತುನ್ 8 ಎಂದಿಟ್ಟರೆ 5 ಎತ್ಸ್‌ನಾಬ್ ಬರುತ್ತದೆ, 7 ಎಂದಿಟ್ಟರೆ ಮಾತ್ರ 6. ಹೀಗೆ 7 ಎಂದು ಕಂಡುಕೊಂಡವರು ಅವರ ಪತ್ನಿ ಮರಿಯನ್ ಸ್ಟರ್ಲಿಂಗ್. ದಿನಾಂಕ ಕ್ರಿ.ಪೂ. 32ಕ್ಕೆ ಹೋಯಿತು, ಅಷ್ಟು ಹಳೆಯದೆಂದು ಹಲವರು ಒಪ್ಪಲಿಲ್ಲ. ಮೂರು ದಶಕಗಳ ಮೇಲೆ ಕಲ್ಲಿನ ಮೇಲಿನ ತುಂಡು ಸಿಕ್ಕಿತು. ಅದರಲ್ಲಿ 7 ಇತ್ತು.

ಪತ್ತೇದಾರಿ ಕಥೆ ಬರೆಯುವವರಿಗೆ ಈ ನೆಲದಲ್ಲಿ ಶಾಪ, ಗುಪ್ತನಿಧಿಗಳಿಗಿಂತ ಗಟ್ಟಿಯಾದ ವಸ್ತುವಿದೆ ಎಂಬುದು ನನ್ನ ದೃಢ ಅಭಿಪ್ರಾಯ. ಪ್ರತಿ ದಿನದ ಹೆಸರಿಗೂ ತಿಂಗಳಿನ ನಾಲ್ಕೇ ಅಂಕಿಗಳು ಕೂಡಿಬರುತ್ತವೆ: ಅಹಾವ್ ಜೊತೆಗೆ 3, 8, 13, 18, ಎತ್ಸ್‌ನಾಬ್ ಜೊತೆಗೆ 1, 6, 11, 16. ಈ ನಿಯಮ ತಿಳಿಯದ ನಕಲಿ ಶಿಲ್ಪಿ 6 ಎತ್ಸ್‌ನಾಬ್ 12 ಯಾಶ್ ಎಂದು ಕೆತ್ತಿದರೆ ಒಂದೇ ನೋಟಕ್ಕೆ ಸಿಕ್ಕಿಬೀಳುತ್ತಾನೆ. ನಿಜವಾದ ಅಪರಾಧಗಳೂ ಇವೆ. ಗ್ವಾಟೆಮಾಲಾದ ಮಚಾಕಿಲಾ ಎಂಬಲ್ಲಿದ್ದ ಕಂಬವೊಂದನ್ನು ಕಳ್ಳರು ತುಂಡು ಮಾಡಿ ಅಮೆರಿಕಕ್ಕೆ ಸಾಗಿಸಿದರು. ಮಾಯಾ ಶಾಸನಗಳನ್ನು ದಾಖಲಿಸುತ್ತಿದ್ದ ಇಯಾನ್ ಗ್ರಹಾಂ ಅದನ್ನು ಮೊದಲೇ ಸ್ಥಳದಲ್ಲಿ ದಾಖಲಿಸಿದ್ದರಿಂದ ಗುರುತು ಸಿಕ್ಕಿ, 1970ರ ದಶಕದಲ್ಲಿ ಅಲ್ಲಿನ ನ್ಯಾಯಾಲಯದಲ್ಲಿ ಮಾರಾಟಗಾರರಿಗೆ ಶಿಕ್ಷೆಯಾಯಿತು. ಆದ್ದರಿಂದ ಹರಾಜು ಪಟ್ಟಿಯ ಕಲ್ಲನ್ನು ಅಭ್ಯಾಸಕ್ಕೆ ಬಳಸುವಾಗ ಅದು ಎಲ್ಲಿಂದ ಬಂತೆಂದು ಮೊದಲು ಕೇಳಿ.

ಲೆಕ್ಕದಿಂದ ಇಲ್ಲದ ಅರ್ಥವನ್ನು ಹಿಂಡಬಾರದು. 13.0.0.0.0 ಎಂಬ ದಿನ 2012ರ ಡಿಸೆಂಬರ್ 21ಕ್ಕೆ ಬಂದದ್ದು ನಿಜ, ಆದರೆ ಅದು ಲೋಕದ ಕೊನೆಯೆಂದು ಯಾವ ಮಾಯಾ ಶಾಸನವೂ ಹೇಳಿಲ್ಲ. ಪಾಕಾಲನ ದೇವಾಲಯದ ಫಲಕವಂತೂ ಅವನ ಪಟ್ಟಾಭಿಷೇಕದ ಜೋಡಿದಿನವು ಎಂಬತ್ತನೆಯ ಬಾರಿ ಮರಳುವುದನ್ನು ಕ್ರಿ.ಶ. 4772ಕ್ಕೆ ಲೆಕ್ಕ ಹಾಕಿಟ್ಟಿದೆ. ಮಾಯಾ ಗಣನೆ ಕ್ರಿ.ಪೂ. 3114ರಿಂದ, ಕಲಿಯುಗದ ಗಣನೆ ಕ್ರಿ.ಪೂ. 3102ರಿಂದ ಆರಂಭವಾಗುವುದನ್ನು ಹಿಡಿದು ಎರಡಕ್ಕೂ ನಂಟು ಕಟ್ಟುವುದೂ ಸಲ್ಲದು. ಇವೆರಡನ್ನು ಬೆಸೆಯುವ ಒಂದು ಸಾಕ್ಷ್ಯವೂ ಇಲ್ಲ. ಭಾರತ ಯುದ್ಧದಿಂದ 3735 ವರ್ಷ, ಶಕ 556 ಎಂದು ಎರಡು ಬಗೆಯಲ್ಲಿ ಕಾಲ ಹೇಳುವ ಐಹೊಳೆಯ ಶಾಸನ ಹುಟ್ಟಿದಾಗ ಪಲೆಂಕೆಯಲ್ಲಿ ಪಾಕಾಲ ಆಳುತ್ತಿದ್ದ ಎಂಬಷ್ಟು ಮಾತ್ರ ಖಚಿತವಾಗಿ ಹೇಳಬಹುದು.

ಅಭ್ಯಾಸಕ್ಕೆ ಎರಡು ದಿನಾಂಕಗಳನ್ನು ಕೊಡುತ್ತೇನೆ. ತಿಕಾಲ್‌ನ 29ನೆಯ ಕಂಬದಲ್ಲಿ 8.12.14.8.15 ಇದೆ, ಕೆಳಭಾಗ ಮುರಿದಿರುವುದರಿಂದ ಜೋಡಿದಿನವನ್ನು ನೀವೇ ತುಂಬಬೇಕು, ಅದು 13 ಮೆನ್ 3 ಸಿಪ್ ಆಗಿ, ವರ್ಷ ಕ್ರಿ.ಶ. 292 ಬರಬೇಕು. ಕಿರಿಗುವಾದ ಎತ್ತರದ ‘ಇ’ (E) ಎಂಬ ಕಂಬದ 9.17.0.0.0ಕ್ಕೆ 13 ಅಹಾವ್ 18 ಕುಮ್ಕು, ಕ್ರಿ.ಶ. 771ರ ಜನವರಿ 22 ಬರಬೇಕು. ಬಾರದಿದ್ದರೆ ಮೊದಲು ಹಾಬ್‌ನ 348ನ್ನು ಕೂಡಿದ್ದೀರಾ ಎಂದು ನೋಡಿ.