ಹಳೆಯ ಹೈ-ಫೈ ಕೊಳ್ಳುವ ಮುನ್ನ

ಹುಬ್ಬಳ್ಳಿಯ ರಿಪೇರಿ ಅಂಗಡಿಯಲ್ಲಾಗಲಿ, ಧಾರವಾಡದ ಹಳೆಯ ಮನೆಯಲ್ಲಾಗಲಿ ಕಡಿಮೆ ಬೆಲೆಯ ಹೈ-ಫೈ ಆಂಪ್ಲಿಫೈಯರ್ (ಹಾಡಿನ ಸಂಕೇತವನ್ನು ಸ್ಪೀಕರಿಗಾಗಿ ಹೆಚ್ಚಿಸುವ ಯಂತ್ರ) ಕಂಡರೆ, ಮೊದಲು ಅದರ ಹಿಂಬದಿಯ ವೋಲ್ಟೇಜ್ ಬರಹವನ್ನು ಓದಬೇಕು. ಜಪಾನಿನ 100 ವೋಲ್ಟಿನ ಯಂತ್ರವನ್ನು ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಹಾಕಿದರೆ ಸುಟ್ಟುಹೋಗುತ್ತದೆ.

ಬಳಿಕ ಅರ್ಧ ಗಂಟೆಯಾದರೂ ಹಚ್ಚಿ ಕೇಳಬೇಕು. ವಾಲ್ಯೂಮ್ ತಿರುಗಿಸುವಾಗಿನ ಕರಕರ ಸದ್ದು ಹೆಚ್ಚಾಗಿ ಧೂಳಿನದು, ವಿದ್ಯುತ್ ಸಂಪರ್ಕಗಳನ್ನು ಶುಚಿಗೊಳಿಸುವ ಸ್ಪ್ರೇ ಆದ ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಹೋಗುತ್ತದೆ. ಆದರೆ ವಾಲ್ಯೂಮ್ ಪೂರ್ತಿ ಇಳಿಸಿದರೂ ಉಳಿಯುವ ಗುಂಯ್‌ಗುಡುವಿಕೆ ಒಳಗೆ ವಿದ್ಯುತ್ ಹಿಡಿದಿಡುವ ಬಿಡಿಭಾಗವಾದ ಕೆಪಾಸಿಟರ್ ಸೋತಿರುವುದರ ಸೂಚನೆಯಾಗಿರಬಹುದಾದ್ದರಿಂದ, ದುರಸ್ತಿಯ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಸ್ಪೀಕರಿನ ಜಾಲರಿ ತೆಗೆಸಿ, ಕೋನಿನ (ಅದುರಿ ಸದ್ದು ಹೊರಡಿಸುವ ಶಂಕುವಿನಾಕಾರದ ಭಾಗದ) ಅಂಚಿನ ಫೋಮ್ ಪುಡಿಯಾಗುತ್ತಿದೆಯೇ ಎಂದು ನೋಡಿ.

ಪರೀಕ್ಷೆಗೆ ನಾನು ಆರಿಸುವುದು ಮಲ್ಲಿಕಾರ್ಜುನ ಮನ್ಸೂರರ ಗಾಯನವನ್ನೇ: ಒಳ್ಳೆಯ ಸ್ಪೀಕರಿನಲ್ಲಿ ಹಿಂದಿನ ತಂಬೂರಿಯ ನಾದವು ಅವರ ದನಿಯಲ್ಲಿ ಕಲಸಿಹೋಗದೆ ಪ್ರತ್ಯೇಕವಾಗಿ ಕೇಳಿಸುತ್ತದೆ.