ಸಣ್ಣ ಅಪರಾಧಕ್ಕೆ ಸಜೆಯ ಬದಲು ಪರಿವೀಕ್ಷಣೆ ಅಥವಾ ಸಮುದಾಯ ಸೇವೆ: ನ್ಯಾಯಾಲಯವನ್ನು ಕೋರುವ ಕ್ರಮ

ಮೊದಲ ಬಾರಿಗೆ ಸಣ್ಣ ಅಪರಾಧದಲ್ಲಿ ಸಿಕ್ಕಿಬಿದ್ದವರು ಒಂದೆರಡು ತಿಂಗಳ ಸಜೆಯಿಂದ ತಿದ್ದಿಕೊಳ್ಳುವುದು ಅಷ್ಟಕ್ಕಷ್ಟೇ. ಆದರೆ ಅಷ್ಟರೊಳಗೆ ಕೆಲಸ ಕೈಬಿಟ್ಟು, ಬಾಡಿಗೆ ಬಾಕಿ ಬಿದ್ದು, ಮನೆಮಂದಿಯೆಲ್ಲ ಬೀದಿಗೆ ಬರುವ ಸ್ಥಿತಿ ಒದಗಬಹುದು. ಇದನ್ನು ತಪ್ಪಿಸುವ ದಾರಿ 1958ರ ಪ್ರೊಬೇಷನ್ ಆಫ್ ಅಫೆಂಡರ್ಸ್ ಕಾಯ್ದೆಯಲ್ಲಿದೆ: ಅದೇ ಪರಿವೀಕ್ಷಣೆ (ಪ್ರೊಬೇಷನ್), ಅಂದರೆ ದೋಷಿಯನ್ನು ಜೈಲಿಗೆ ಕಳುಹಿಸದೆ ಸದ್ವರ್ತನೆಯ ಷರತ್ತಿನ ಮೇಲೆ ಬಿಡುವುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಸಮುದಾಯ ಸೇವೆಯನ್ನೂ ಶಿಕ್ಷೆಯ ಪಟ್ಟಿಗೆ ಸೇರಿಸಿದೆ.

ಪ್ರಕರಣ ಯಾವುದಕ್ಕೆ ಹೊಂದುತ್ತದೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಸಮುದಾಯ ಸೇವೆಗೆ ಅವಕಾಶವಿರುವುದು ಕೆಲವೇ ಅಪರಾಧಗಳಿಗೆ: ಸಾರ್ವಜನಿಕ ಸ್ಥಳದಲ್ಲಿ ಕುಡಿದು ದುರ್ವರ್ತನೆ ತೋರುವುದು, ಮಾನಹಾನಿ ಮೊದಲಾದವು ಅದರಲ್ಲಿವೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಮೌಲ್ಯದ ಕಳ್ಳತನದಲ್ಲಿ ಮೊದಲ ಸಲ ದೋಷಿಯಾದವನು ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ನ್ಯಾಯ ಸಂಹಿತೆಯ 303(2)ನೇ ಕಲಮಿನ ಪ್ರಕಾರ ಅವನಿಗೆ ವಿಧಿಸಬೇಕಾದ ಶಿಕ್ಷೆಯೇ ಸಮುದಾಯ ಸೇವೆ. ಆದ್ದರಿಂದ ಮಾಲು ಹಿಂದಿರುಗಿದ್ದಕ್ಕೆ ಪಂಚನಾಮೆ ಅಥವಾ ರಸೀದಿ ಕಡತದಲ್ಲಿರುವಂತೆ ನೋಡಿಕೊಳ್ಳಬೇಕು.

ಪರಿವೀಕ್ಷಣೆಯ ವ್ಯಾಪ್ತಿ ಇದಕ್ಕಿಂತ ಬಹಳ ದೊಡ್ಡದು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಒಳಪಡದ ಅಪರಾಧಗಳಲ್ಲಿ ನ್ಯಾಯಾಲಯವು ಪ್ರೊಬೇಷನ್ ಕಾಯ್ದೆಯ 4ನೇ ಕಲಮಿನಡಿ, ಕೂಡಲೇ ಶಿಕ್ಷೆ ವಿಧಿಸದೆ, ಗರಿಷ್ಠ ಮೂರು ವರ್ಷಗಳ ಸದ್ವರ್ತನೆಯ ಮುಚ್ಚಳಿಕೆ ಬರೆಸಿಕೊಂಡು ದೋಷಿಯನ್ನು ಬಿಡುಗಡೆ ಮಾಡಬಹುದು. ಇಪ್ಪತ್ತೊಂದು ವರ್ಷ ತುಂಬದವರ ವಿಷಯದಲ್ಲಿ 6ನೇ ಕಲಮು ಇನ್ನೂ ಬಿಗಿಯಾಗಿದ್ದು, ಪರಿವೀಕ್ಷಣಾಧಿಕಾರಿಯ ವರದಿ ತರಿಸಿಕೊಳ್ಳದೆ ಅವರನ್ನು ಜೈಲಿಗೆ ಕಳುಹಿಸುವಂತಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಯ ಪ್ರಕರಣಗಳಿಗೆ ಈ ಸೌಲಭ್ಯವಿಲ್ಲ. ಅಜಾಗರೂಕ ಚಾಲನೆಯಿಂದ ಸಾವು ಸಂಭವಿಸಿದ ಪ್ರಕರಣಗಳಲ್ಲಿ ಇದನ್ನು ನೀಡಬಾರದೆಂಬ ನಿಲುವನ್ನು ಸುಪ್ರೀಂ ಕೋರ್ಟ್ 2000ದ ದಲ್ಬೀರ್ ಸಿಂಗ್ ಪ್ರಕರಣದಲ್ಲಿ ತಳೆದಿರುವುದರಿಂದ ಅಲ್ಲಿ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳುವುದು ಬೇಡ.

ಹೆಚ್ಚಿನವರು ಎಡವುವುದು ಶಿಕ್ಷೆಯ ಪ್ರಮಾಣದ ವಿಚಾರಣೆಯಲ್ಲಿ. 'ಶಿಕ್ಷೆಯ ಬಗ್ಗೆ ಏನಾದರೂ ಹೇಳುವುದಿದೆಯೇ?' ಎಂದು ನ್ಯಾಯಾಧೀಶರು ಕೇಳಿದಾಗ ಆರೋಪಿ 'ಹೆಂಡತಿ ಮಕ್ಕಳಿದ್ದಾರೆ ಸ್ವಾಮಿ' ಎಂದು ಕೈಮುಗಿಯುತ್ತಾನೆ, ವಕೀಲರು 'ಕನಿಷ್ಠ ಶಿಕ್ಷೆ ಕೊಡಿ' ಎನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಕನಿಷ್ಠ ಶಿಕ್ಷೆಯನ್ನು ಕೇಳುವುದೆಂದರೆ ಸಜೆಗೆ ಒಪ್ಪಿಕೊಂಡಂತೆಯೇ. ಅದರ ಬದಲು ತೀರ್ಪಿನ ದಿನಕ್ಕೆ ಮುನ್ನವೇ 4ನೇ ಕಲಮನ್ನು ಹೆಸರಿಸಿ ಮೆಮೊ (ನ್ಯಾಯಾಲಯಕ್ಕೆ ಲಿಖಿತ ಕೋರಿಕೆ) ಸಿದ್ಧಪಡಿಸಬೇಕು; ಹಿಂದೆ ಶಿಕ್ಷೆಯಾಗಿಲ್ಲವೆಂಬುದನ್ನು ಅದರಲ್ಲಿ ತಿಳಿಸಿ, ವಾಸದ ದಾಖಲೆ, ಮಾಲೀಕರು ಕೊಟ್ಟ ಕೆಲಸದ ಪತ್ರ, ಅವಲಂಬಿತರ ವಿವರಗಳನ್ನು ಲಗತ್ತಿಸಿ, ಪರಿವೀಕ್ಷಣಾಧಿಕಾರಿಯ ವರದಿ ತರಿಸಿಕೊಳ್ಳುವಂತೆ ಕೋರಬೇಕು. ಆರೋಪಿಗಾಗಲಿ ಜಾಮೀನುದಾರನಿಗಾಗಲಿ ಆ ನ್ಯಾಯಾಲಯದ ವ್ಯಾಪ್ತಿಯಲ್ಲಿ ಸ್ಥಿರ ವಾಸ ಅಥವಾ ನಿಯಮಿತ ಉದ್ಯೋಗ ಇರಬೇಕೆಂದು ಕಾಯ್ದೆ ಹೇಳುವುದರಿಂದ ಈ ಕಾಗದಗಳಿಗೆ ಅಷ್ಟು ಬೆಲೆ. ಪರಿವೀಕ್ಷಣೆಯ ಮೇಲೆ ಬಿಡಬಹುದಾದವನನ್ನು ಬಿಡದಿದ್ದರೆ ವಿಶೇಷ ಕಾರಣಗಳನ್ನು ದಾಖಲಿಸಬೇಕೆಂದು ಅಪರಾಧ ಪ್ರಕರಣಗಳ ವಿಚಾರಣಾ ಕ್ರಮವನ್ನು ತಿಳಿಸುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 402ನೇ ಕಲಮು ಹೇಳುತ್ತದೆ. ಅದನ್ನೂ ಮೆಮೊದಲ್ಲಿ ವಿನಯದಿಂದ ನೆನಪಿಸಬಹುದು.

ಸಮುದಾಯ ಸೇವೆ ಸಂಬಳವಿಲ್ಲದ, ಸಮುದಾಯಕ್ಕೆ ಉಪಯೋಗವಾಗುವ ಕೆಲಸವೆಂದಷ್ಟೇ ನಾಗರಿಕ ಸುರಕ್ಷಾ ಸಂಹಿತೆ ವಿವರಿಸಿ, ಗಂಟೆ, ಸ್ಥಳ, ಮೇಲ್ವಿಚಾರಣೆಗಳನ್ನು ನಿಗದಿಪಡಿಸದೆ ಬಿಟ್ಟಿದೆ. ಇದು ದೊಡ್ಡ ಕೊರತೆಯೇ ಸರಿ. ಹಾಗಾಗಿ ಸರ್ಕಾರಿ ಆಸ್ಪತ್ರೆ ಅಥವಾ ಗ್ರಂಥಾಲಯದಂಥ ಜಾಗ, ದುಡಿಮೆಗೆ ಅಡ್ಡಿಯಾಗದ ವೇಳೆ, ಹಾಜರಿ ದೃಢೀಕರಿಸುವ ಅಧಿಕಾರಿ ಇವನ್ನೆಲ್ಲ ಆದೇಶದಲ್ಲೇ ನಮೂದಿಸುವಂತೆ ಕೋರಿಕೊಳ್ಳಬೇಕು.

ಕೋರಿಕೆ ತಿರಸ್ಕೃತವಾಗಿ ಸಜೆಯಾದರೂ, ಜಾಮೀನಿನ ಮೇಲಿರುವ ವ್ಯಕ್ತಿಯ ಶಿಕ್ಷೆ ಮೂರು ವರ್ಷ ಮೀರದಿದ್ದರೆ, ಮೇಲ್ಮನವಿ ಸಲ್ಲಿಸುವವರೆಗೆ ಅದನ್ನು ಅಮಾನತಿನಲ್ಲಿಡುವಂತೆ ಅದೇ ನ್ಯಾಯಾಲಯವನ್ನು ಕೇಳಬಹುದು. ಮೇಲ್ಮನವಿ ನ್ಯಾಯಾಲಯಕ್ಕೂ ಪರಿವೀಕ್ಷಣೆ ನೀಡುವ ಅಧಿಕಾರವಿದೆ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಮತ್ತು ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರನ್ನು ಪಡೆಯಬಹುದು.

ಮುಚ್ಚಳಿಕೆಗೆ ಸಹಿ ಹಾಕುವ ಮುನ್ನ ಪ್ರತಿ ಷರತ್ತನ್ನೂ ಕನ್ನಡದಲ್ಲಿ ಓದಿಸಿಕೊಳ್ಳಬೇಕು. ಷರತ್ತು ಮುರಿದರೆ ಮೂಲ ಅಪರಾಧಕ್ಕೇ ಶಿಕ್ಷೆ ವಿಧಿಸುವ ಅಧಿಕಾರ ನ್ಯಾಯಾಲಯಕ್ಕೆ ಉಳಿದಿರುತ್ತದೆ.